ಅದೇ ಎಂದು ಹೇಳುವವರು ಯಾರು?

ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಲು ನನ್ನ ಅಂಗಡಿಗೆ ಬರುವವರೆಲ್ಲ ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: "ಎಲ್ಲ ಮೊದಲಿನ ಹಾಗೇ ಇರುತ್ತದಲ್ಲ?" ಖರ್ಚೆಷ್ಟು, ವೇಗ ಎಷ್ಟು ಹೆಚ್ಚುತ್ತದೆ ಎಂಬ ಮಾತು ಆಮೇಲಿನದು. ವಿಂಡೋಸ್ ಅದೇ ಇರಬೇಕು, ಪರದೆಯ ಮೇಲಿನ ಚಿತ್ರ ಅದೇ ಇರಬೇಕು, ಟ್ಯಾಲಿ ತೆರೆದರೆ ನಿನ್ನೆಯ ಲೆಕ್ಕ ಅಲ್ಲೇ ಸಿಗಬೇಕು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡು ಹೋಗಬಾರದು. ನೆನಪನ್ನೆಲ್ಲ ಹೊತ್ತ ಭಾಗವನ್ನೇ ಕಿತ್ತು ಬೇರೆಯದನ್ನು ಕೂರಿಸುತ್ತೇವೆ. ಆದರೂ ಯಂತ್ರ ಅದೇ ಆಗಿರಬೇಕು. "ಇರುತ್ತದೆ, ಚಿಂತೆ ಬೇಡ" ಎಂದು ನಾನು ಹೇಳುತ್ತೇನೆ. ಪುತ್ತೂರು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಗೆ ಕೂರುವ ಮೊದಲು ಪಾಠಶಾಲೆಯಲ್ಲಿ ತರ್ಕಸಂಗ್ರಹ, ಮುಕ್ತಾವಳಿ ಎಂಬ ನ್ಯಾಯಶಾಸ್ತ್ರದ ಗ್ರಂಥಗಳನ್ನು ಓದಿದವನು ನಾನು. ಹಾಗಾಗಿ ಆ ಮಾತನ್ನು ಸುಮ್ಮನೆ ಆಡಿ ಬಿಡಲು ನನ್ನಿಂದ ಆಗುವುದಿಲ್ಲ. ಯಾವುದು ಅದೇ? ಯಾರ ಪಾಲಿಗೆ ಅದೇ? ದೇಹ ಬದಲಾದರೂ ಉಳಿಯುವುದು ಏನು ಎಂದು ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ್ದಾರೆ. ಆ ವಾದಗಳನ್ನು ನನ್ನ ಮೇಜಿನ ಮೇಲೆ ನಡೆಯುವ ಕೆಲಸಕ್ಕೆ ಹಚ್ಚಿ ನೋಡುವುದು ಈ ಬರಹದ ಉದ್ದೇಶ.

ಮೊದಲು ಆ ಕೆಲಸ ಏನೆಂದು ಹೇಳಿಬಿಡುತ್ತೇನೆ. ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿರುತ್ತವೆ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಅವು ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ, ಎಂದರೆ ಸೆಕೆಂಡಿಗೆ 90. ಅವುಗಳ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ತಾಗದೆ ತೇಲುತ್ತ ಒಂದು ಪುಟ್ಟ ಮೊನೆ ಓಡಾಡುತ್ತದೆ. ತಟ್ಟೆಯ ಮೇಲಿನ ಕಾಂತೀಯ ಕಣಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದೇ ಅಲ್ಲಿಯ ಬರಹ. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅದು ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಗಾತ್ರ ಅಂಗೈಗೆ ಇಳಿದಿದೆ, ತತ್ತ್ವ ಅದೇ.

ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕ 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಮೆಮೊರಿ ಅದರ ಮೂಲ. ಕೋಟಿಗಟ್ಟಲೆ ಸೂಕ್ಷ್ಮ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ, ಎಷ್ಟು ಇವೆ ಎಂಬುದರಿಂದ ಸೊನ್ನೆ, ಒಂದು ಎಂದು ಓದುತ್ತಾರೆ. ಬರೆದು ಅಳಿಸಿದಷ್ಟೂ ಕೋಶ ಸವೆಯುತ್ತದೆ. ಅದಕ್ಕೇ ಒಳಗಿನ ಕಂಟ್ರೋಲರ್ ಚಿಪ್ಪು ಬರಹವನ್ನು ಒಂದೇ ಕಡೆ ಇಡುವುದಿಲ್ಲ. ಸವೆತ ಎಲ್ಲ ಕೋಶಗಳಿಗೂ ಹಂಚಿಹೋಗುವಂತೆ ಅಲ್ಲಿಂದಿಲ್ಲಿಗೆ ಸಾಗಿಸುತ್ತಿರುತ್ತದೆ. ನೀವು ಡೆಸ್ಕ್‌ಟಾಪಿನ ಮೇಲೆ ಇಟ್ಟು ವರ್ಷಗಟ್ಟಲೆ ಮುಟ್ಟದ ಕಡತ ಕೂಡ ಒಳಗೆ ಜಾಗ ಬದಲಿಸಿರಬಹುದು. ವಿಂಡೋಸಿಗೆ ಅದು ತಿಳಿಯುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದು ವಿಳಾಸ. ಆ ವಿಳಾಸದ ಹಿಂದೆ ಯಾವ ಮನೆ ಇದೆ ಎಂಬುದನ್ನು ಚಿಪ್ಪು ಮಾತ್ರ ಬಲ್ಲದು.

ಇನ್ನು ಸಿಸ್ಟಂ ಅನ್ನು ಹಳೆಯದರಿಂದ ಹೊಸದಕ್ಕೆ ಒಯ್ಯುವುದು. "ವರ್ಗಾಯಿಸುವುದು" ಎನ್ನುತ್ತೇವೆ, ಆದರೆ ಏನೂ ವರ್ಗವಾಗುವುದಿಲ್ಲ. ಕ್ಲೋನ್ ಮಾಡುವ ತಂತ್ರಾಂಶ ಹಳೆಯ ಡಿಸ್ಕಿನ ಒಂದೊಂದು ಸೆಕ್ಟರನ್ನೂ ಓದಿ, ಓದಿದ್ದನ್ನು ಹೊಸದರಲ್ಲಿ ಬರೆಯುತ್ತದೆ. ಹಳೆಯದರಿಂದ ಒಂದು ಕಣವೂ ಹೊರಡುವುದಿಲ್ಲ. ಅಲ್ಲಿ ಕಾಂತದ ದಿಕ್ಕಾಗಿದ್ದದ್ದು ಇಲ್ಲಿ ವಿದ್ಯುತ್ತಿನ ಗಂಟಾಗಿ ಹೊಸದಾಗಿ ಹುಟ್ಟುತ್ತದೆ. ಕೆಲಸ ಮುಗಿದಾಗ ನನ್ನ ಮೇಜಿನ ಮೇಲೆ ಇರುವುದು ಒಂದಲ್ಲ, ಎರಡು. ಎರಡೂ ಸಂಪೂರ್ಣ, ಎರಡೂ ತಾನೇ ಮೂಲ ಎಂದು ಬೂಟ್ ಆಗಲು ಸಿದ್ಧ.

ಈ ಸಂಗತಿ ಮನಸ್ಸಿಗೆ ಇಳಿದರೆ ನಾವು ಸುಲಭವಾಗಿ ಆಡುವ ಒಂದು ಮಾತು ನಿಲ್ಲುವುದಿಲ್ಲ. ಗೀತೆಯ ಎರಡನೆಯ ಅಧ್ಯಾಯ ತಿಳಿದ ಗಿರಾಕಿಗಳು "ಹಳೆ ಅಂಗಿ ಬಿಟ್ಟು ಹೊಸ ಅಂಗಿ ತೊಟ್ಟ ಹಾಗೆ" ಎನ್ನುತ್ತಾರೆ. ಮಾತು ಚೆಂದ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಅಂಗಿ ಬದಲಿಸಿದವನು ಹಳೆಯದರಿಂದ ಹೊರಗೆ ಬಂದಿರುತ್ತಾನೆ. ಬಿಟ್ಟ ಅಂಗಿ ಬರಿದು. ಕ್ಲೋನ್ ಮಾಡಿದ ಮೇಲೆ ಹಳೆಯ ಡಿಸ್ಕ್ ಬರಿದಾಗಿಲ್ಲ. ಗೀತೆ ಹೇಳುವುದು ಹೋಗುವವನೊಬ್ಬನ ಕಥೆ. ಇಲ್ಲಿ ಹೋಗುವವನೇ ಇಲ್ಲ.

ನಿಜವಾದ ವರ್ಗಾವಣೆ ಹೇಗಿರಬೇಕೆಂದು ನಮ್ಮ ಸಂಪ್ರದಾಯ ಯೋಚಿಸಿರುವುದನ್ನು ನೋಡಲು ದೇವಸ್ಥಾನಕ್ಕೆ ಹೋಗಬೇಕು. ನಮ್ಮ ಊರಿನ ದೇವಸ್ಥಾನದಲ್ಲಿ ತಂದೆ ಅರ್ಚಕರಾಗಿದ್ದರು. ಗರ್ಭಗುಡಿ ಬಿರುಕು ಬಿಟ್ಟು ಜೀರ್ಣೋದ್ಧಾರ ಮಾಡಬೇಕಾಗಿ ಬಂದಾಗ ಕಲಾಸಂಕೋಚ ನಡೆಯಿತು. ತಂತ್ರಿಗಳು ಬಿಂಬದ ಸಾನ್ನಿಧ್ಯವನ್ನು ಮಂತ್ರದಿಂದ, ನ್ಯಾಸದಿಂದ ಸಂಕೋಚಗೊಳಿಸಿ ಕಲಶದ ನೀರಿಗೆ ತಂದರು. ದರ್ಭೆಯ ಕೂರ್ಚ ಇಟ್ಟ ಆ ಕಲಶವನ್ನು ತಲೆಯ ಮೇಲೆ ಹೊತ್ತು ಬಾಲಾಲಯಕ್ಕೆ, ಎಂದರೆ ಅಂಗಳದ ಬದಿಯಲ್ಲಿ ಕಟ್ಟಿದ ಚಿಕ್ಕ ತಾತ್ಕಾಲಿಕ ಗುಡಿಗೆ, ತಂದೆಯೇ ಒಯ್ದರು. ನಿತ್ಯಪೂಜೆ ಅಂದಿನಿಂದ ಅಲ್ಲಿ. ನನಗೆ ಅಚ್ಚಳಿಯದೆ ಉಳಿದಿರುವುದು ಮರುದಿನದ ಬೆಳಿಗ್ಗೆ. ತಲೆತಲಾಂತರದಿಂದ ಅರ್ಚಕರನ್ನು ಬಿಟ್ಟು ಯಾರೂ ಕಾಲಿಡದ ಗರ್ಭಗುಡಿಯ ಒಳಗೆ ಕೆಲಸದವರು ಹಾರೆ, ಪಿಕ್ಕಾಸು ಹಿಡಿದು ಹೊಕ್ಕರು. ಒಬ್ಬ ಮೇಸ್ತ್ರಿ ಪೀಠದ ಸಂದಿಗೆ ಉಳಿ ಇಟ್ಟು ಹೊಡೆದ. ತಂದೆ ಅಲ್ಲೇ ನಿಂತು "ಎಡಗಡೆಯಿಂದ ಎಬ್ಬಿಸು, ಸಡಿಲ ಇದೆ" ಎಂದು ಹೇಳಿಕೊಟ್ಟರು. ಹಿಂದಿನ ದಿನ ಅದೇ ಕಲ್ಲಿಗೆ ಅಭಿಷೇಕ ಮಾಡಿದ ಕೈ ಅದು. ಕಲ್ಲು ಎಳ್ಳಷ್ಟೂ ಬದಲಾಗಿರಲಿಲ್ಲ. ಆದರೆ ದೇವರು ಅಲ್ಲಿಂದ ಎದ್ದಾಗಿತ್ತು. ತಂದೆಯ ಮನಸ್ಸಿನಲ್ಲಿ ಅದರ ಬಗ್ಗೆ ಅನುಮಾನದ ಕೂದಲೆಳೆಯೂ ಇರಲಿಲ್ಲ.

ಈ ವಿಧಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಒಂದು ಎಚ್ಚರ: ಯಾವ ಗಳಿಗೆಯಲ್ಲೂ ಎರಡು ಇರಬಾರದು. ಬಿಂಬದಲ್ಲಿ ಇರುವಷ್ಟು ಹೊತ್ತು ಕಲಶದಲ್ಲಿ ಇಲ್ಲ. ಕಲಶಕ್ಕೆ ಬಂದ ಮೇಲೆ ಬಿಂಬದಲ್ಲಿ ಇಲ್ಲ. ಹೊಸ ಗುಡಿಯಲ್ಲಿ ಪ್ರತಿಷ್ಠೆಯಾಗಿ ಬ್ರಹ್ಮಕಲಶ ನಡೆದ ಮೇಲೆ ಬಾಲಾಲಯದಲ್ಲಿ ಪೂಜೆ ಇಲ್ಲ. ಪುರಿಯ ಜಗನ್ನಾಥನ ನವಕಲೇವರದಲ್ಲಿ ಈ ಎಚ್ಚರ ಇನ್ನೂ ತೀವ್ರ. ಅಧಿಕ ಆಷಾಢ ಬರುವ ವರ್ಷ, ಈಚೆಗೆ 1996ರಲ್ಲಿ ಮತ್ತು 2015ರಲ್ಲಿ, ಬೇವಿನ ಮರದಿಂದ ಹೊಸ ಮೂರ್ತಿಗಳನ್ನು ಮಾಡಿ, ಹಳೆಯ ಮೂರ್ತಿಯ ಒಳಗಿರುವ ಬ್ರಹ್ಮ ಪದಾರ್ಥವನ್ನು ಹೊಸದರೊಳಗೆ ಇಡುತ್ತಾರೆ. ಇಡುವ ಸೇವಕನ ಕಣ್ಣಿಗೆ ಬಟ್ಟೆ ಕಟ್ಟಿರುತ್ತದೆ, ಕೈಗೂ ಬಟ್ಟೆ ಸುತ್ತಿರುತ್ತದೆ. ಹಳೆಯ ಮೂರ್ತಿಗಳನ್ನು ದೇವಸ್ಥಾನದ ಆವರಣದ ಕೊಯಿಲಿ ವೈಕುಂಠದಲ್ಲಿ ಹೂಳುತ್ತಾರೆ. ಈ ವಿಧಿ ನಡೆಸುವ ದೈತಾಪತಿ ಸೇವಕರು ತಮ್ಮ ಮನೆಯವರೇ ತೀರಿಕೊಂಡಂತೆ ಸೂತಕ ಆಚರಿಸುತ್ತಾರೆ. ಹೊಸದರ ಸಂಭ್ರಮವಿದೆ ಎಂದು ಹಳೆಯದನ್ನು ಮರೆಯುವುದಿಲ್ಲ. ಹಳೆಯದಕ್ಕೆ ಒಂದು ಕೊನೆ ಕೊಟ್ಟ ಮೇಲೆಯೇ ಹೊಸದು ಪೂರ್ತಿ ಅದೇ ಆಗುತ್ತದೆ.

ಎರಡು ಇರಬಾರದು ಎಂಬುದು ಶ್ರದ್ಧೆಯ ಮಾತು ಮಾತ್ರ ಎಂದು ತಿಳಿಯಬೇಡಿ. ಕಂಪ್ಯೂಟರಿಗೂ ಈ ಕಷ್ಟ ಉಂಟು. ಪ್ರತಿ ಡಿಸ್ಕಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಕ್ಲೋನ್ ಮಾಡಿದಾಗ ಆ ಸಂಖ್ಯೆಯೂ ನಕಲಾಗುತ್ತದೆ. ಎರಡನ್ನೂ ಒಂದೇ ಯಂತ್ರಕ್ಕೆ ಜೋಡಿಸಿದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿ ಕೂರಿಸುತ್ತದೆ. ನಾವು ಒತ್ತಾಯದಿಂದ ಎಬ್ಬಿಸಿದರೆ ಅದಕ್ಕೆ ಹೊಸ ಗುರುತು ಬರೆದುಬಿಡುತ್ತದೆ. ಲಿನಕ್ಸ್ ಕೂಡ ಪಾರ್ಟಿಷನ್ನುಗಳನ್ನು ಇಂಥ ಸಂಖ್ಯೆಯಿಂದಲೇ ಹುಡುಕುವುದು. ಒಂದೇ ಸಂಖ್ಯೆಯವು ಎರಡಿದ್ದರೆ ಯಾವುದರಿಂದ ಎದ್ದಿದೆ ಎಂದು ನಂಬಿ ಹೇಳಲು ಬಾರದು. ಆದ್ದರಿಂದ ಈ ಕಸುಬಿನವರು ಪಾಲಿಸುವ ನಿಯಮ: ಕ್ಲೋನ್ ಮುಗಿದ ಕೂಡಲೇ ಹಳೆಯದನ್ನು ಬಿಚ್ಚಿ ಪಕ್ಕಕ್ಕಿಡಬೇಕು, ಹೊಸದನ್ನು ಮೊದಲ ಸಲ ಒಂಟಿಯಾಗಿಯೇ ಎಬ್ಬಿಸಬೇಕು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಇದೇ ಇಕ್ಕಟ್ಟನ್ನು ಹಡಗಿನಲ್ಲಿ ಕಂಡಿದ್ದ. ಥೀಸಿಯಸ್ಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದರೆ ಅದು ಅದೇ ಹಡಗೇ ಎಂಬುದು ಗ್ರೀಕರ ಹಳೆಯ ಪ್ರಶ್ನೆ. ತೆಗೆದ ಹಲಗೆಗಳನ್ನು ಯಾರಾದರೂ ಜೋಪಾನ ಮಾಡಿ ಇನ್ನೊಂದು ಹಡಗು ಕಟ್ಟಿದರೆ ಏನು ಗತಿ ಎಂದು ಹಾಬ್ಸ್ ಕೇಳಿದ. ಬದಲಾವಣೆ ಮಾತ್ರ ಇದ್ದಾಗ ಪ್ರಶ್ನೆ ಸೌಮ್ಯವಾಗಿತ್ತು. ಎರಡಾದ ಮೇಲೆ ಅದು ತಪ್ಪಿಸಿಕೊಳ್ಳಲಾಗದ ಪ್ರಶ್ನೆಯಾಯಿತು.

ಇಷ್ಟು ಹಿನ್ನೆಲೆಯಲ್ಲಿ ಒಂದು ಪ್ರಸಂಗ ಹೇಳುತ್ತೇನೆ. ಹಿರಿಯ ಮಹಿಳೆಯೊಬ್ಬರು ತೀರಿಕೊಂಡ ತಮ್ಮ ಗಂಡನ ಲ್ಯಾಪ್‌ಟಾಪ್ ತಂದಿದ್ದರು. ಗಂಡ ಮೇಷ್ಟ್ರು, ನಿವೃತ್ತಿಯ ನಂತರ ಯಕ್ಷಗಾನ ಪ್ರಸಂಗಗಳ ಹಳೆಯ ಹಸ್ತಪ್ರತಿಗಳನ್ನು ಹುಡುಕಿ ಟೈಪ್ ಮಾಡುತ್ತಿದ್ದವರು. ಲ್ಯಾಪ್‌ಟಾಪ್ ಚಾಲೂ ಮಾಡಿದರೆ ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು. ಮೊನೆ ತನ್ನ ದಾರಿ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಬರುತ್ತಿದೆ ಎಂದು ಅರ್ಥ. ಕಡತಗಳನ್ನಷ್ಟೇ ತೆಗೆದು ಹೊಸ ವಿಂಡೋಸಿಗೆ ಹಾಕೋಣವೆಂದರೆ ಅಲ್ಲೊಂದು ತೊಡಕಿತ್ತು. ಬರಹವೆಲ್ಲ ಹಳೆಯ ನುಡಿ ಫಾಂಟಿನಲ್ಲಿತ್ತು. ಯುನಿಕೋಡಿನ ಮೊದಲಿನ ಆ ಪದ್ಧತಿಯಲ್ಲಿ ಕನ್ನಡದ ತುಣುಕುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗದಾಯುದ್ಧದ ಪದ್ಯ ಕಾಣುವುದಿಲ್ಲ, ಕೊಂಬು ಬಾಲ ಹಚ್ಚಿದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯಾವ ಫಾಂಟು, ಯಾವ ಆವೃತ್ತಿ, ತಾವೇ ಏನೇನು ಸೇರಿಸಿಕೊಂಡಿದ್ದರು ಎಂದು ಹೇಳಬಲ್ಲವರು ಈಗ ಇಲ್ಲ. ಆದ್ದರಿಂದ ಇಡೀ ಸಿಸ್ಟಂ ಅನ್ನೇ ಇದ್ದ ಹಾಗೆ ಎತ್ತಬೇಕಿತ್ತು.

ಸಾಯುತ್ತಿರುವ ಡಿಸ್ಕನ್ನು ಸಾಮಾನ್ಯ ಕ್ಲೋನ್ ತಂತ್ರಾಂಶಕ್ಕೆ ಕೊಡಬಾರದು. ಕೆಟ್ಟ ಸೆಕ್ಟರು ಸಿಕ್ಕಿದಲ್ಲಿ ಅದನ್ನೇ ಉಜ್ಜುತ್ತ ಡಿಸ್ಕನ್ನು ಮುಗಿಸಿಬಿಡುತ್ತದೆ. ಪೆನ್ ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ ಡಿಡಿರೆಸ್ಕ್ಯೂ ಓಡಿಸಿದೆ. ಅದು ಸುಲಭವಾಗಿ ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಳ್ಳುತ್ತದೆ, ಕಷ್ಟದ ಜಾಗವನ್ನು ಗುರುತು ಹಾಕಿಟ್ಟು ಆಮೇಲೆ ಹಿಂದಿರುಗುತ್ತದೆ. ರಾತ್ರಿಯಿಡೀ ಓಡಿದ ಮೇಲೂ ಕೆಲವು ಸೆಕ್ಟರುಗಳು ಬರಲೇ ಇಲ್ಲ. ಎಸ್‌ಎಸ್‌ಡಿಯಲ್ಲಿ ಆ ಜಾಗ ಬರೀ ಸೊನ್ನೆ. ಕೂರಿಸಿ ಬೂಟ್ ಮಾಡಿದಾಗ ವಿಂಡೋಸ್ ಎದ್ದಿತು, ಸದ್ದಿಲ್ಲದೆ, ಅರ್ಧ ನಿಮಿಷದ ಒಳಗೆ. ಪರದೆಯ ಎಡಬದಿಯಲ್ಲಿ ಕಾಂಡ ಕಾಂಡವಾಗಿ ಜೋಡಿಸಿದ ಫೋಲ್ಡರುಗಳು, ಒಂದರ ಹೆಸರು "ಕೊನೆಯ ಪ್ರತಿ". ತೆರೆದರೆ ಅಕ್ಷರ ಸರಿಯಾಗಿ ಕನ್ನಡದಲ್ಲೇ ಕಂಡಿತು. ಆಕೆ ಬಗ್ಗಿ ನೋಡಿ, ಭಾಮಿನಿಯ ಒಂದು ಸಾಲಿನ ಪಕ್ಕದ ಆವರಣದಲ್ಲಿ ಗಂಡ ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ತೋರಿಸಿ, "ಹೌದು, ಇದೇ. ಈ ಪಾಠಾಂತರ ಸರಿಯೋ ತಪ್ಪೋ ಎಂದು ನನ್ನ ಹತ್ತಿರ ಜಗಳ ಆಡಿದ್ದರು" ಎಂದರು. ಮತ್ತೆ ಮೇಜಿನ ಮೇಲಿದ್ದ ಹಳೆಯ ಡಿಸ್ಕನ್ನು ನೋಡಿ ಕೇಳಿದರು: "ಹಾಗಾದರೆ ಇದರಲ್ಲಿ ಈಗ ಏನಿದೆ?"

ತಂದೆಯಾಗಿದ್ದರೆ "ಏನೂ ಇಲ್ಲ" ಎನ್ನಬಹುದಿತ್ತು. ನಾನು ಹಾಗೆ ಹೇಳಲಾರೆ. ಅದರಲ್ಲಿ ಎಲ್ಲವೂ ಇದೆ. ಹಾಗಾದರೆ ಯಾವುದು ಅದೇ?

ಇಲ್ಲಿ ನನ್ನ ಶಾಸ್ತ್ರಕ್ಕೇ ಒಂದು ಪೆಟ್ಟು ಬೀಳುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ದೇಹವೇ ಆತ್ಮ ಎನ್ನುವ ಚಾರ್ವಾಕನಿಗೆ ನೈಯಾಯಿಕರು ಕೊಡುವ ಮುಖ್ಯ ಉತ್ತರ ನೆನಪಿನದು. ಬಾಲ್ಯದ ದೇಹ ಈಗಿಲ್ಲ, ಆದರೆ ಬಾಲ್ಯದ ನೆನಪಿದೆ. ಒಬ್ಬ ಕಂಡದ್ದನ್ನು ಇನ್ನೊಬ್ಬ ನೆನೆಯಲಾರ. ಆದ್ದರಿಂದ ಕಂಡವನೂ ನೆನೆಯುವವನೂ ಒಬ್ಬನೇ, ಆತ ದೇಹವಲ್ಲ. ಚಾರ್ವಾಕ ಸುಮ್ಮನಾಗುವುದಿಲ್ಲ: ಹಳೆಯ ದೇಹದ ಸಂಸ್ಕಾರ, ಎಂದರೆ ಅನುಭವ ಉಳಿಸಿಹೋದ ಗುರುತು, ಹೊಸ ದೇಹಕ್ಕೆ ದಾಟಿಕೊಳ್ಳುತ್ತದೆ ಎಂದರಾಯಿತು, ಆತ್ಮ ಏಕೆ? 10ನೆಯ ಶತಮಾನದ ಮಿಥಿಲೆಯ ಉದಯನಾಚಾರ್ಯ ನ್ಯಾಯಕುಸುಮಾಂಜಲಿಯಲ್ಲಿ ಈ ದಾರಿಯನ್ನೂ ಮುಚ್ಚುತ್ತಾನೆ. ಸಂಸ್ಕಾರ ಹಾಗೆ ದಾಟುವುದಾದರೆ ತಾಯಿ ಅನುಭವಿಸಿದ್ದನ್ನು ಅವಳ ದೇಹದಿಂದಲೇ ಹುಟ್ಟಿದ ಮಗು ನೆನೆಯಬೇಕಿತ್ತು, ನೆನೆಯುವುದಿಲ್ಲ. ಪಾಠಶಾಲೆಯಲ್ಲಿ ಇದನ್ನು ಓದಿದಾಗ ವಾದ ಮುಗಿಯಿತು ಎಂದುಕೊಂಡಿದ್ದೆ. ಆದರೆ ನನ್ನ ಮೇಜಿನ ಮೇಲೆ ದಿನನಿತ್ಯ ಸಂಸ್ಕಾರ ದಾಟುತ್ತಿದೆಯಲ್ಲ! ಕಾಂತದ ದೇಹದಿಂದ ವಿದ್ಯುತ್ತಿನ ದೇಹಕ್ಕೆ, ಆತ್ಮದ ಸುಳಿವೇ ಇಲ್ಲದೆ, ಒಬ್ಬ ಮೇಷ್ಟ್ರ ಹತ್ತಾರು ವರ್ಷದ ನೆನಪು ದಾಟಿತು. ಚಾರ್ವಾಕ ನನ್ನ ಅಂಗಡಿಗೆ ಬಂದಿದ್ದರೆ ಎಸ್‌ಎಸ್‌ಡಿಯನ್ನು ಎತ್ತಿ ತೋರಿಸಿ ಗೆದ್ದೆ ಎನ್ನುತ್ತಿದ್ದ.

ಬಹಳ ಕಾಲ ಯೋಚಿಸಿದ ಮೇಲೆ ಆತ ಗೆದ್ದಿಲ್ಲ ಎಂಬ ನಿರ್ಣಯಕ್ಕೆ ಬಂದಿದ್ದೇನೆ. ಕಾರಣ ತರ್ಕಸಂಗ್ರಹದಲ್ಲೇ ಇದೆ. ಅನ್ನಂಭಟ್ಟ ಸಂಸ್ಕಾರವನ್ನು ಮೂರು ಬಗೆ ಮಾಡುತ್ತಾನೆ: ವೇಗ, ಭಾವನಾ, ಸ್ಥಿತಿಸ್ಥಾಪಕ. ಎಸೆದ ಕಲ್ಲನ್ನು ಮುಂದಕ್ಕೆ ಒಯ್ಯುವುದು ವೇಗ. ಸುತ್ತಿಟ್ಟ ಚಾಪೆ ಬಿಡಿಸಿದರೂ ಮತ್ತೆ ಸುರುಳಿಯಾಗುವುದು ಸ್ಥಿತಿಸ್ಥಾಪಕದಿಂದ. ಇವೆರಡೂ ಜಡದಲ್ಲಿ ಇರುವಂಥವು. ಅನುಭವದಿಂದ ಹುಟ್ಟಿ ನೆನಪನ್ನು ಹುಟ್ಟಿಸುವ ಭಾವನಾ ಮಾತ್ರ ಆತ್ಮದಲ್ಲಿ ಇರುವುದು. ಡಿಸ್ಕಿನ ಮೇಲಿನ ಗುರುತು ಚಾಪೆಯ ಸುರುಳಿಯ ಪಂಗಡದ್ದು. ಒತ್ತಿದ ಆಕಾರವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಇನ್ನೊಂದಕ್ಕೆ ಒತ್ತಲೂ ಬರುತ್ತದೆ. ಆದರೆ ಹಿಡಿದಿಡುವುದು ನೆನೆಯುವುದಲ್ಲ. ಆ ಪ್ರಶ್ನಾರ್ಥಕ ಚಿಹ್ನೆ ಎರಡೂ ಡಿಸ್ಕುಗಳಲ್ಲಿ ಇತ್ತು. ಜಗಳ ನೆನಪಾದದ್ದು ಆಕೆಗೆ. ಫಾಂಟು ಇಲ್ಲದಿದ್ದರೆ ಅದೇ ಸೊನ್ನೆ ಒಂದುಗಳು ಪದ್ಯವೇ ಆಗಿರುತ್ತಿರಲಿಲ್ಲ, ಓದುವವರಿಲ್ಲದಿದ್ದರೆ ಫಾಂಟು ಇದ್ದೂ ಪದ್ಯವಲ್ಲ. ಉದಯನ ಅಲ್ಲಗಳೆದದ್ದು ನೆನೆಯುವ ಸಾಮರ್ಥ್ಯ ದೇಹದಿಂದ ದೇಹಕ್ಕೆ ಹೀಗೆ ದಾಟುತ್ತದೆ ಎಂಬುದನ್ನು. ನನ್ನ ಮೇಜಿನ ಮೇಲೆ ದಾಟಿದ್ದು ಅದಲ್ಲ.

ಯಂತ್ರ ತಾನೇ "ಅದೇ" ಎಂದು ಹೇಳಬಲ್ಲದೇ? ಒಂದು ಅರ್ಥದಲ್ಲಿ ಹೇಳುತ್ತದೆ. ಮೂಲವನ್ನೂ ನಕಲನ್ನೂ ಲೆಕ್ಕ ಹಾಕಿ ಎರಡು ಹ್ಯಾಶ್ ಸಂಖ್ಯೆ ತೆಗೆದು ಹೋಲಿಸಿದರೆ, ಒಂದೇ ಒಂದು ಬಿಟ್ ಬದಲಾಗಿದ್ದರೂ ಸಂಖ್ಯೆ ಬೇರೆಯಾಗುತ್ತದೆ. ಸಂಖ್ಯೆ ಕೂಡಿಬಂದರೆ ನಕಲು ನಿಖರ. ಆದರೆ ಅದು ಹೇಳುವುದು ಏನು? ಮುಕ್ತಾವಳಿಯಲ್ಲಿ ಇದಕ್ಕೆ ಒಂದು ಉದಾಹರಣೆ ಇದೆ. "ನಿನ್ನೆ ಕುಡಿದ ಔಷಧವನ್ನೇ ಇವತ್ತೂ ಕುಡಿದೆ" ಎನ್ನುತ್ತೇವೆ. ನಿನ್ನೆ ಕುಡಿದದ್ದು ಹೊಟ್ಟೆ ಸೇರಿ ಮುಗಿದಿದೆ. ಇವತ್ತಿನದು ಅದೇ ಜಾತಿಯ ಇನ್ನೊಂದು. "ಆ ದೇವದತ್ತನೇ ಈತ" ಎನ್ನುವಾಗಿನ "ಅದೇ" ಬೇರೆ. ಅಲ್ಲಿ ವ್ಯಕ್ತಿಯೇ ಒಬ್ಬ. ಹ್ಯಾಶ್ ಬಲ್ಲದ್ದು ಔಷಧದ "ಅದೇ". ಮೇಷ್ಟ್ರ ಡಿಸ್ಕಿನ ವಿಷಯದಲ್ಲಂತೂ ಅದೂ ಇರಲಿಲ್ಲ. ಕೆಲವು ಸೆಕ್ಟರು ಸೊನ್ನೆಯಾಗಿದ್ದವು, ಸಂಖ್ಯೆ ಕೂಡಿಬರಲು ಸಾಧ್ಯವಿರಲಿಲ್ಲ. ಲೆಕ್ಕದ ಪ್ರಕಾರ ಅದು ಬೇರೆ. ಆಕೆಯ ಪ್ರಕಾರ ಅದೇ. ನಾನು ಆಕೆಯ ಪರ. ಗುರುತಿಸಿದವರು ಆಕೆ, ಆ ಗುರುತಿನ ಹಿಂದೆ ಕಂಡ, ಕೇಳಿದ, ಜಗಳವಾಡಿದ ಒಬ್ಬರು ಇದ್ದರು. ಯಂತ್ರದ ಒಳಗೆ ಅಂಥ ಒಬ್ಬರು ಇಲ್ಲ.

ಬೌದ್ಧರ ಮಿಲಿಂದಪ್ರಶ್ನದಲ್ಲಿ ನಾಗಸೇನ ದೊರೆಗೆ ಹೇಳುವ ದೀಪದ ಮಾತನ್ನು ಇಲ್ಲಿ ಗೌರವದಿಂದ ನೆನೆಯಬೇಕು. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದಾಗ ಮೊದಲನೆಯದರಿಂದ ಏನೂ ಎದ್ದು ಹೋಗುವುದಿಲ್ಲ. ಪುನರ್ಜನ್ಮವೂ ಹಾಗೆ, ದಾಟುವವನಿಲ್ಲದೆ ಆಗುವ ಮುಂದುವರಿಕೆ. ಎರಡು ಸಾವಿರ ವರ್ಷದ ಹಿಂದೆ ಕ್ಲೋನಿಂಗನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸಲು ಸಾಧ್ಯವಿರಲಿಲ್ಲ. ಡಿಸ್ಕಿನ ಮಟ್ಟಿಗೆ ನಾಗಸೇನನ ಮಾತು ಅಕ್ಷರಶಃ ಸತ್ಯ. ಮನುಷ್ಯನ ಮಟ್ಟಿಗೂ ಸತ್ಯವೇ ಎಂಬಲ್ಲಿ ನಾನು ಅವನ ಜೊತೆ ನಿಲ್ಲಲಾರೆ. ದೀಪಕ್ಕೆ ದೀಪ ಹಚ್ಚಿದಾಗ "ನಾನು ಆಗಲೂ ಉರಿಯುತ್ತಿದ್ದೆ" ಎನ್ನುವ ದೀಪವಿಲ್ಲ. ಮನುಷ್ಯ ಹಾಗೆನ್ನುತ್ತಾನೆ, ಆ ಮಾತಿನ ಹೊಣೆ ಹೊರುತ್ತಾನೆ. ಹತ್ತು ವರ್ಷದ ಹಿಂದೆ ಮಾಡಿದ ಸಾಲವನ್ನು ಇಂದು ತೀರಿಸುವುದು ಆ ಹೊಣೆಯಿಂದ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣವಿದೆ. ಮನುಷ್ಯನೆಂದರೆ ಒಂದು ತಂತ್ರಾಂಶ, ಮಿದುಳು ಅದರ ಹಾರ್ಡ್ ಡಿಸ್ಕ್, ಒಳ್ಳೆಯ ಯಂತ್ರ ಸಿಕ್ಕಿದರೆ ಪೂರ್ತಿ ನಕಲಿಸಿ ಸಾವನ್ನು ದಾಟಬಹುದು ಎಂಬ ನಂಬಿಕೆ ಈಗ ಬಲವಾಗುತ್ತಿದೆ. ಅಮೆರಿಕದ ರೇ ಕರ್ಜ್‌ವೈಲ್ ಇದನ್ನು ಬಹಿರಂಗವಾಗಿ ಪ್ರತಿಪಾದಿಸುತ್ತ ಬಂದಿದ್ದಾರೆ. ಎಂಜಿನಿಯರಿಂಗ್ ಓದುವ ನಮ್ಮ ಮಕ್ಕಳೂ ಹಾಗೇ ಮಾತಾಡುತ್ತಾರೆ. 1984ರಲ್ಲಿ ಬ್ರಿಟನ್ನಿನ ಡೆರೆಕ್ ಪಾರ್ಫಿಟ್ ತನ್ನ ಪುಸ್ತಕದಲ್ಲಿ ಇದನ್ನೇ ಒಂದು ಕಲ್ಪನೆಯಾಗಿ ಇಟ್ಟ: ನನ್ನ ದೇಹದ ವಿವರವನ್ನೆಲ್ಲ ಓದಿ ಮಂಗಳ ಗ್ರಹದಲ್ಲಿ ನನ್ನಂಥವನನ್ನು ಕಟ್ಟುತ್ತಾರೆ, ಆದರೆ ಇಲ್ಲಿರುವ ನಾನೂ ಉಳಿದಿದ್ದೇನೆ. ಪಾರ್ಫಿಟ್ ಇದರಿಂದ, ನಾನು ಅದೇ ಆಗಿ ಉಳಿಯುವುದು ಅಷ್ಟು ಮುಖ್ಯವಲ್ಲ ಎಂಬ ಸಮಾಧಾನಕ್ಕೆ ಬಂದ. ನನಗೆ ಆ ಸಮಾಧಾನ ಇಲ್ಲ. ಮಂಗಳದಲ್ಲಿರುವವನ ಕಾಲಿಗೆ ಮುಳ್ಳು ಹೊಕ್ಕರೆ ನನಗೆ ನೋಯುವುದಿಲ್ಲ. ನೋವು ಯಾರಿಗೋ ಅವನೇ ಅವನು. ಮಿದುಳಿನ ಗುರುತುಗಳನ್ನೆಲ್ಲ ಒಂದು ದಿನ ನಕಲಿಸಲು ಬರಬಹುದು. ನಕಲಿಸುವ ಕಸುಬಿನವನಾಗಿ ಅದನ್ನು ಅಸಾಧ್ಯವೆನ್ನಲಾರೆ. ಆದರೆ ನಕಲಾದ ಮೇಲೆ ಮೇಜಿನ ಮೇಲೆ ಎರಡಿರುತ್ತವೆ. ಮೂಲದ ಮನುಷ್ಯ ತನ್ನ ಸಾವನ್ನು ತಾನೇ ಸಾಯಬೇಕು. ನಕಲು ಅವನ ಮಕ್ಕಳಿಗೆ ಸಮಾಧಾನ ಕೊಡಬಹುದು. ಅವನನ್ನು ಉಳಿಸಿತು ಎಂದು ಹೇಳುವುದು ಸುಳ್ಳು.

ಹಾಗೆಂದು ನಕಲು ಕೀಳಲ್ಲ. ಮೇಷ್ಟ್ರ ಪ್ರಸಂಗಗಳು ಉಳಿದದ್ದು ನಕಲಿನಿಂದ. ಅವರು ಟೈಪ್ ಮಾಡುತ್ತಿದ್ದ ಹಸ್ತಪ್ರತಿಗಳೂ ಯಾರೋ ಯಾವುದೋ ಹಳೆಯ ಓಲೆಯಿಂದ ನಕಲು ಮಾಡಿದವೇ. ಈ ನಾಡಿನ ಸಾಹಿತ್ಯವೆಲ್ಲ ಗೆದ್ದಲು ತಿನ್ನುವ ಮೊದಲು ಒಂದು ಗರಿಯಿಂದ ಇನ್ನೊಂದು ಗರಿಗೆ ಬರೆದಿಟ್ಟವರ ಪುಣ್ಯದಿಂದ ನಮ್ಮ ಕೈಗೆ ಬಂದಿದೆ. ಮುಂದಿನವರ ಕೈಗೆ ಅವು ಹೋಗಬೇಕಾದರೆ ನಾವೂ ನಕಲಿಸುತ್ತಲೇ ಇರಬೇಕು. ಎಸ್‌ಎಸ್‌ಡಿ ಶಾಶ್ವತ ಎಂದು ಯಾರೂ ತಿಳಿಯಬೇಡಿ. ವಿದ್ಯುತ್ತು ಕೊಡದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಕೋಶದಲ್ಲಿ ಕೂಡಿಟ್ಟದ್ದು ಮೆಲ್ಲಗೆ ಸೋರಿಹೋಗುತ್ತದೆ.

ಆ ಮಹಿಳೆಗೆ ನಾನು ಕೊಟ್ಟ ಉತ್ತರ ಇದು: "ಅಮ್ಮಾ, ಎರಡರಲ್ಲೂ ಬರಹ ಇದೆ. ಯಾವುದನ್ನು ಅವರದ್ದು ಎಂದು ಇಟ್ಟುಕೊಳ್ಳುತ್ತೀರಿ ಎಂಬುದನ್ನು ನೀವು ತೀರ್ಮಾನ ಮಾಡಬೇಕು, ಇನ್ನೊಂದಕ್ಕೆ ಒಂದು ಕೊನೆ ಕೊಡಬೇಕು." ಮಗ ಬಂದು ಇನ್ನೊಂದು ಬ್ಯಾಕಪ್ ಮಾಡಿಕೊಳ್ಳುವವರೆಗೆ ಹಳೆಯದು ಇರಲಿ, ಆಮೇಲೆ ನಾಶ ಮಾಡೋಣ ಎಂದು ಅವರು ಹೇಳಿದರು. ಹಾಗೆಯೇ ಆಯಿತು.

ಓದುಗರಲ್ಲೂ ನನ್ನ ವಿನಂತಿ ಇಷ್ಟೇ. ಹೊಸ ಡ್ರೈವಿನಲ್ಲಿ ಕಂಪ್ಯೂಟರ್ ಎದ್ದ ಸಂತೋಷದಲ್ಲಿ ಹಳೆಯದನ್ನು ಗುಜರಿಗೆ ಹಾಕಬೇಡಿ, ಕಂಡವರಿಗೆ ಕೊಡಬೇಡಿ. ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಅದು ಬರಿದಾಗುವುದಿಲ್ಲ. ಕ್ವಿಕ್ ಫಾರ್ಮ್ಯಾಟ್ ಸೂಚಿಯನ್ನು ಮಾತ್ರ ಅಳಿಸುತ್ತದೆ, ಬರಹ ಹಾಗೇ ಕುಳಿತಿರುತ್ತದೆ. ಹೊಸದರಲ್ಲಿ ಎಲ್ಲ ಸರಿಯಿದೆ ಎಂದು ಖಾತ್ರಿಯಾಗುವವರೆಗೆ ಹಳೆಯದನ್ನು ಬಿಚ್ಚಿ ಬೇರೆ ಇಡಿ. ಖಾತ್ರಿಯಾದ ಮೇಲೆ, ಹಾರ್ಡ್ ಡಿಸ್ಕ್ ಆಗಿದ್ದರೆ ಉದ್ದಕ್ಕೂ ಸೊನ್ನೆ ಬರೆಸಿ ಅಳಿಸಿ. ಎಸ್‌ಎಸ್‌ಡಿ ಆಗಿದ್ದರೆ ಅದನ್ನು ತಯಾರಿಸಿದವರೇ ಕೊಡುವ ಸೆಕ್ಯೂರ್ ಇರೇಸ್ ಬಳಸಿ, ಮೇಲೆ ಬರೆದರೆ ಒಳಗಿನ ಎಲ್ಲ ಕೋಶಕ್ಕೂ ತಲುಪುವುದಿಲ್ಲ. ಅಳಿಸಲು ಬಾರದಷ್ಟು ಕೆಟ್ಟಿದ್ದರೆ ಒಡೆಸಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ. ನಕಲು ಮಾಡಿಕೊಡಲು ನಮ್ಮಂಥವರಿದ್ದೇವೆ. ಅದೇ ಎಂದು ಒಪ್ಪಿ ಒಂದನ್ನು ಉಳಿಸಿಕೊಂಡು, ಇನ್ನೊಂದನ್ನು ವಿಧಿಪೂರ್ವಕವಾಗಿ ಮುಗಿಸುವ ಹೊಣೆ ನಿಮ್ಮದು. ಆ ಕೆಲಸವನ್ನು ಯಾವ ಯಂತ್ರವೂ ನಿಮಗೆ ಮಾಡಿಕೊಡುವುದಿಲ್ಲ.